ಹಕ್ಕಿಯೇ ಬೆಳೆ, ಹಕ್ಕಿಯೇ ಗೇಣಿ



ದೂರದ ದ್ವೀಪಗಳಿಗೆ ಬೇಸಿಗೆಯಲ್ಲಿ ಬಂದಿಳಿಯುವ ಹಕ್ಕಿಗಳ ಮಾತು ಬಂದಾಗ ಯಾರ ಕಣ್ಮುಂದೆಯಾದರೂ ನಿಲ್ಲುವ ಚಿತ್ರ ಹೆಚ್ಚುಕಡಿಮೆ ಒಂದೇ. ಕೊರಳಲ್ಲಿ ದುರ್ಬೀನು, ಕೈಯಲ್ಲೊಂದು ಟಿಪ್ಪಣಿ ಪುಸ್ತಕ, ತಲೆಯ ಮೇಲೆ ಟೋಪಿ ಇಟ್ಟುಕೊಂಡು ದೋಣಿಯಿಂದ ಇಳಿಯುವ ಹವ್ಯಾಸಿ ವೀಕ್ಷಕ. ಹಕ್ಕಿ ಕಂಡರೆ ಅವನಿಗೆ ಹಬ್ಬ, ಕಾಣದಿದ್ದರೆ ತುಸು ಬೇಸರ. ರಾತ್ರಿಯ ಊಟಕ್ಕೇನೂ ಅದರಿಂದ ಅಡ್ಡಿಯಿಲ್ಲ. ಆದರೆ ಹಕ್ಕಿ ಬಂದರೆ ಊಟ, ಬಾರದಿದ್ದರೆ ಉಪವಾಸ ಎಂಬ ಲೆಕ್ಕದಲ್ಲಿ ನೂರಾರು ವರ್ಷ ಬಾಳಿದ ಊರೊಂದಿತ್ತು. ಅಲ್ಲಿ ಹಕ್ಕಿಯನ್ನು ನೋಡುವುದು ಹವ್ಯಾಸವಾಗಿರಲಿಲ್ಲ, ಬೇಸಾಯವಾಗಿತ್ತು. ಆ ಊರು ಸೇಂಟ್ ಕಿಲ್ಡಾ.

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಹೆಬ್ರಿಡೀಸ್ ಎಂಬ ದ್ವೀಪಮಾಲೆಯಿದೆ. ಆ ಮಾಲೆಯ ಹೊರ ಅಂಚನ್ನೂ ದಾಟಿ ಅಟ್ಲಾಂಟಿಕ್ ಸಾಗರದೊಳಗೆ ಇನ್ನೂ ಸುಮಾರು 40 ಮೈಲಿ ಹೋದರೆ ಸಿಗುವ ನಾಲ್ಕು ದ್ವೀಪಗಳ ಮತ್ತು ಕೆಲವು ಒಂಟಿ ಬಂಡೆಗಳ ಗುಂಪು ಇದು. ಹಿರ್ಟಾ, ಸೋಯ್, ಬೋರೆರೆ, ಡೂನ್ ಎಂದು ಆ ನಾಲ್ಕರ ಹೆಸರು. ಜನವಸತಿ ಇದ್ದುದು ಹಿರ್ಟಾದಲ್ಲಿ ಮಾತ್ರ. ಅದರ ವಿಸ್ತೀರ್ಣ 670 ಹೆಕ್ಟೇರ್, ಅಂದರೆ 1,650 ಎಕರೆಯಷ್ಟು. ಮರವೆಂಬುದು ಒಂದೂ ಇಲ್ಲ. ಹಿರ್ಟಾದ ಕೊನಾಹರ್ ಶಿಖರ 1,400 ಅಡಿ ಎತ್ತರದಿಂದ ನೇರವಾಗಿ ಸಮುದ್ರಕ್ಕೆ ಇಳಿದಿದೆ. ಬ್ರಿಟನ್ನಿನಲ್ಲಿ ಇದಕ್ಕಿಂತ ಎತ್ತರದ ಕಡಲ ಬಂಡೆಗೋಡೆ ಇನ್ನೊಂದಿಲ್ಲ. ಬೋರೆರೆಯ ಬಳಿ ನೀರಿನಿಂದ ನೆಟ್ಟಗೆ ಎದ್ದು ನಿಂತಿರುವ ಎರಡು ಬಂಡೆಗಳಿವೆ: ಸ್ಟಾಕ್ ಆನ್ ಆರ್ಮಿನ್ ಮತ್ತು ಸ್ಟಾಕ್ ಲೀ. ಮೊದಲನೆಯದು 640 ಅಡಿ, ಎರಡನೆಯದು 560 ಅಡಿ. ದೂರದಿಂದ ನೋಡಿದವರಿಗೆ ಇವುಗಳ ನೆತ್ತಿಯ ಮೇಲೆ ಹಿಮ ಬಿದ್ದಂತೆ ಕಾಣುತ್ತದೆ. ಅದು ಹಿಮವಲ್ಲ, ಹಕ್ಕಿಗಳು ಮತ್ತು ಹಕ್ಕಿಗಳ ಹಿಕ್ಕೆ.

ಹೆಸರಿನ ಬಗ್ಗೆ ಒಂದು ಮಾತು. ಕಿಲ್ಡಾ ಎಂಬ ಸಂತ ಕ್ರೈಸ್ತ ಪುರಾಣಗಳಲ್ಲಿ ಎಲ್ಲೂ ಇಲ್ಲ. ಹಳೆಯ ನಕಾಶೆಗಳನ್ನು ಬರೆದವರು ಯಾವುದೋ ನಾರ್ಸ್ ಭಾಷೆಯ ಪದವನ್ನು ತಪ್ಪಾಗಿ ಓದಿ, ತಪ್ಪಾಗಿ ಬರೆದು, ಇಲ್ಲದ ಸಂತನೊಬ್ಬನನ್ನು ಹುಟ್ಟಿಸಿರಬೇಕು ಎಂಬುದು ವಿದ್ವಾಂಸರ ಊಹೆ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿಯೂ ಒಂದು ಸೇಂಟ್ ಕಿಲ್ಡಾ ಬಡಾವಣೆಯಿದೆ. ಅದಕ್ಕೆ ಹೆಸರು ಬಂದದ್ದು 'ಲೇಡಿ ಆಫ್ ಸೇಂಟ್ ಕಿಲ್ಡಾ' ಎಂಬ ಹಡಗಿನಿಂದ. ಇಲ್ಲದ ಸಂತ ಹೀಗೆ ಭೂಗೋಳದ ಇನ್ನೊಂದು ತುದಿಯನ್ನೂ ಮುಟ್ಟಿದ್ದಾನೆ.

ಇಂಥ ಕಡೆ ಹಕ್ಕಿಗಳು ಲಕ್ಷಗಟ್ಟಲೆ ಯಾಕೆ ಬರುತ್ತವೆ? ಗ್ಯಾನೆಟ್, ಫುಲ್ಮರ್, ಪಫಿನ್ ಮೊದಲಾದವು ನಿಜವಾದ ಕಡಲ ಹಕ್ಕಿಗಳು. ವರ್ಷದ ಬಹುಭಾಗ ಅವಕ್ಕೆ ನೆಲದ ಹಂಗೇ ಬೇಡ. ಅಲೆಯ ಮೇಲೆಯೇ ನಿದ್ದೆ, ಅಲೆಯ ಕೆಳಗೆ ಊಟ. ಆದರೆ ಎಷ್ಟೇ ಸಮರ್ಥ ಹಕ್ಕಿಯಾದರೂ ನೀರಿನ ಮೇಲೆ ಮೊಟ್ಟೆ ಇಡಲಾರದು. ಆದ್ದರಿಂದ ವಸಂತದಿಂದ ಬೇಸಿಗೆಯ ಕೊನೆಯವರೆಗೆ ಅವು ನೆಲಕ್ಕೆ ಬರಲೇಬೇಕು. ಆ ನೆಲದಲ್ಲಿ ನರಿ, ಇಲಿ, ಮುಂಗುಸಿಗಳ ಕಾಟ ಇರಬಾರದು. ಸುತ್ತಲಿನ ನೀರಿನಲ್ಲಿ ಮರಿಗಳಿಗೆ ಬೇಕಾದಷ್ಟು ಮೀನು ಇರಬೇಕು. ಉತ್ತರ ಅಟ್ಲಾಂಟಿಕ್‌ನಲ್ಲಿ ಬೇಸಿಗೆಯ ಹಗಲು ಬಹಳ ದೀರ್ಘ. ಆ ಬೆಳಕಿಗೆ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಅವನ್ನು ತಿಂದು ಮೀನು, ಮೀನನ್ನು ತಿಂದು ಹಕ್ಕಿ. ಜಗತ್ತಿನ ಬೇರಾವ ಪ್ರಾಣಿಗೂ ಬೇಡವಾದ ಬಂಡೆಯ ಅಂಚು ಹಕ್ಕಿಗೆ ಹೀಗೆ ಬಾಣಂತಿಯ ಕೋಣೆಯಾಗುತ್ತದೆ.

ಹಕ್ಕಿಯ ಬೆನ್ನಿಗೆ ಮನುಷ್ಯನೂ ಬಂದ. ಹಿರ್ಟಾದಲ್ಲಿ ಒಂದಿಷ್ಟು ಬಾರ್ಲಿ, ಓಟ್ಸ್ ಬೆಳೆಯುತ್ತಿದ್ದರು. ಕಡಲ ಗಾಳಿ ಹೊತ್ತು ತರುವ ಉಪ್ಪುನೀರಿನ ತುಂತುರಿಗೆ ಎಷ್ಟೋ ಸಲ ಅದು ನಿಂತಲ್ಲೇ ಸುಟ್ಟುಹೋಗುತ್ತಿತ್ತು. ಕುರಿಗಳಿದ್ದವು, ಕೆಲವು ಹಸುಗಳಿದ್ದವು. ಸುತ್ತ ಮೀನು ತುಂಬಿದ್ದರೂ ಆ ಸಮುದ್ರದಲ್ಲಿ ದೋಣಿ ಇಳಿಸುವುದು ಪ್ರಾಣದ ಜೊತೆಗಿನ ಜೂಜು. ಉಳಿದದ್ದು ಹಕ್ಕಿ.

ಈ ಬದುಕಿನ ಮೊದಲ ವಿವರವಾದ ಚಿತ್ರ ಕೊಟ್ಟವನು ಮಾರ್ಟಿನ್ ಮಾರ್ಟಿನ್ ಎಂಬ ವಿದ್ಯಾವಂತ. ಸ್ವತಃ ಹೆಬ್ರಿಡೀಸ್‌ನವನಾದ್ದರಿಂದ ಅಲ್ಲಿನ ಗೇಲಿಕ್ ಭಾಷೆ ಅವನಿಗೆ ಮನೆಮಾತು. 1697ರ ಬೇಸಿಗೆಯಲ್ಲಿ ತೆರೆದ ದೋಣಿಯಲ್ಲಿ ಹಿರ್ಟಾಕ್ಕೆ ಹೋಗಿ ಕೆಲವು ವಾರ ಅಲ್ಲಿದ್ದ. ಮರುವರ್ಷವೇ ಪುಸ್ತಕ ಪ್ರಕಟಿಸಿದ. ಆಗ ಅಲ್ಲಿದ್ದವರು ಸುಮಾರು 180 ಜನ. ಹಿಂದಿನ ವರ್ಷ ಇವರು ತಿಂದ ಗ್ಯಾನೆಟ್‌ಗಳ ಸಂಖ್ಯೆ 22,600 ಎಂದು ಅವನು ಬರೆಯುತ್ತಾನೆ. ಲೆಕ್ಕ ಹಾಕಿದರೆ ತಲೆಗೆ 125ಕ್ಕೂ ಹೆಚ್ಚು, ಅದೂ ಹೆಬ್ಬಾತಿನ ಗಾತ್ರದ ಹಕ್ಕಿ! ಸಂಖ್ಯೆ ಉಬ್ಬಿದೆ ಎಂದು ಸಂದೇಹಪಡುವವರಿದ್ದಾರೆ. ಸಂದೇಹಕ್ಕೆ ಕಾರಣವೂ ಇದೆ. ಆದರೆ ಅರ್ಧಕ್ಕಿಳಿಸಿದರೂ ಊರಿನ ಅನ್ನ ಯಾವುದೆಂಬುದು ಸ್ಪಷ್ಟ.

ಇಡೀ ಊರಿಗೆ ಆಗ ಇದ್ದದ್ದು ಮೂರೇ ಹಗ್ಗ. ಒಂದೊಂದೂ 24 ಮಾರು ಉದ್ದ. ಹಗ್ಗ ಹರಿದರೆ ಮನುಷ್ಯ ಹೋದ ಎಂದೇ ಅರ್ಥವಾದ್ದರಿಂದ ಅದಕ್ಕೆ ಸಲ್ಲುತ್ತಿದ್ದ ಗೌರವ ಚಿನ್ನಕ್ಕೂ ಇರಲಿಲ್ಲ. ಮುಂದಿನ ತಲೆಮಾರುಗಳಲ್ಲಿ ಒಳ್ಳೆಯ ಹಗ್ಗ ತಂದೆಯಿಂದ ಮಗನಿಗೆ ಬರುವ ಆಸ್ತಿಯಾಯಿತು. ಗಂಡಸರು ಬರಿಗಾಲಿನಲ್ಲಿ ಬಂಡೆ ಇಳಿಯುತ್ತಿದ್ದರು. ಬೆರಳುಗಳು ಅಗಲವಾಗಿ ಹರಡಿ, ಕಣಕಾಲು ದಪ್ಪಗಾಗಿರುವ ಅವರ ಪಾದಗಳ ಛಾಯಾಚಿತ್ರಗಳು ಈಗಲೂ ಇವೆ.

ವರ್ಷದ ಪಂಚಾಂಗವೇ ಹಕ್ಕಿಯದು. ಚಳಿಗಾಲ ಮುಗಿಯುತ್ತಿದ್ದಂತೆ ಗ್ಯಾನೆಟ್‌ಗಳು ಬಂದವೆಂದರೆ ರಾತ್ರಿಯ ಹೊತ್ತು ಬೇಟೆ. ಮಲಗಿದ ಹಿಂಡಿನ ಅಂಚಿನಲ್ಲಿ ಒಂದು ಹಕ್ಕಿ ಎಚ್ಚರವಿದ್ದು ಕಾವಲು ಕಾಯುತ್ತದೆ ಎಂದು ದ್ವೀಪದವರು ಹೇಳುತ್ತಿದ್ದರು. ಮೊದಲು ಆ ಕಾವಲುಗಾರನನ್ನು ಸದ್ದಿಲ್ಲದೆ ಮುಗಿಸಬೇಕು. ಅದು ಕೂಗಿದರೆ ಆ ರಾತ್ರಿಯ ಕೆಲಸವೆಲ್ಲ ವ್ಯರ್ಥ. ಮೇ ತಿಂಗಳಿನಲ್ಲಿ ಮೊಟ್ಟೆ. ನಡುಬೇಸಿಗೆಯಲ್ಲಿ ಪಫಿನ್, ಇದನ್ನು ಹೆಂಗಸರು ಉರುಲು ಒಡ್ಡಿ, ನಾಯಿಗಳ ನೆರವಿನಿಂದ ಬಿಲದೊಳಗಿಂದ ಹಿಡಿಯುತ್ತಿದ್ದರು. ಬೆಳಗಿನ ಗಂಜಿಗೆ ಒಂದು ಪಫಿನ್ ಹಾಕಿ ಬೇಯಿಸಿದರೆ ರುಚಿ ಏರುತ್ತಿತ್ತಂತೆ. ಆಗಸ್ಟ್ ನಡುವಿನಲ್ಲಿ ಫುಲ್ಮರ್ ಮರಿಗಳ ಸುಗ್ಗಿ. ಸೆಪ್ಟೆಂಬರ್‌ನಲ್ಲಿ ಕೊಬ್ಬಿದ ಗ್ಯಾನೆಟ್ ಮರಿಗಳದು.

ಇವುಗಳಲ್ಲಿ ಫುಲ್ಮರ್‌ನ ಕಥೆ ವಿಶೇಷವಾದದ್ದು. ಮೇಲ್ನೋಟಕ್ಕೆ ಸಾಮಾನ್ಯ ಕಡಲ ಹಕ್ಕಿಯಂತೆ ಕಾಣುವ ಇದು ಬೆದರಿದಾಗ ಹೊಟ್ಟೆಯೊಳಗಿನ ನಾರುವ ಎಣ್ಣೆಯನ್ನು ಶತ್ರುವಿನ ಮುಖಕ್ಕೆ ಉಗುಳುತ್ತದೆ. ದ್ವೀಪದವರಿಗೆ ಬೇಕಾಗಿದ್ದುದೂ ಆ ಎಣ್ಣೆಯೇ. ಉಗುಳುವ ಮೊದಲೇ ಮರಿಯನ್ನು ಹಿಡಿದು ಕೊರಳು ಮುರಿಯುವುದರಲ್ಲಿ ಬೇಟೆಗಾರನ ನೈಪುಣ್ಯವಿತ್ತು. ಎಣ್ಣೆಯನ್ನು ಒಣಗಿಸಿದ ಗ್ಯಾನೆಟ್ ಜಠರದ ಚೀಲಗಳಲ್ಲಿ ತುಂಬಿಡುತ್ತಿದ್ದರು. ದೀಪಕ್ಕೆ ಅದೇ, ಮೈಕೈ ನೋವಿಗೆ ಅದೇ. ಮಾಂಸ ಚಳಿಗಾಲಕ್ಕೆ. ಗರಿ ಒಡೆಯನಿಗೆ.

ಒಡೆಯ ಎಂದರೆ ಸ್ಕೈ ದ್ವೀಪದ ಡನ್ವೆಗನ್ ಕೋಟೆಯ ಮೆಕ್ಲಾಯ್ಡ್ ಮನೆತನ. ಅವರ ಪಾರುಪತ್ಯಗಾರ ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಪರಿವಾರ ಸಮೇತ ಬಂದು ಗೇಣಿ ವಸೂಲಿ ಮಾಡುತ್ತಿದ್ದ. ದ್ವೀಪದಲ್ಲಿ ನಾಣ್ಯದ ಚಲಾವಣೆಯೇ ಇರಲಿಲ್ಲವಾಗಿ ಗರಿ, ಎಣ್ಣೆ, ಉಣ್ಣೆಬಟ್ಟೆಗಳೇ ಗೇಣಿ. ಹಾಗೆ ನೋಡಿದರೆ ಹಿರ್ಟಾದ ಬೇಸಿಗೆಗೆ ಬರುತ್ತಿದ್ದ ವಲಸೆ ಹಕ್ಕಿಗಳಲ್ಲಿ ಪಾರುಪತ್ಯಗಾರನನ್ನೂ ಸೇರಿಸಬಹುದು. ಅವನು ಹೋಗುವಾಗ ಹೊಟ್ಟೆ ತುಂಬಿಸಿಕೊಂಡೇ ಹೋಗುತ್ತಿದ್ದ.

ಊರಿನ ಗಂಡಸರು ದಿನಾ ಬೆಳಿಗ್ಗೆ ಬೀದಿಯಲ್ಲಿ ಸೇರಿ ಅಂದು ಯಾವ ಬಂಡೆಗೆ ಹೋಗಬೇಕು, ಯಾರ ಹಗ್ಗ, ಯಾರ ದೋಣಿ ಎಂದು ತೀರ್ಮಾನಿಸುತ್ತಿದ್ದರು. ಹೊರಗಿನವರು ಇದಕ್ಕೆ ಅರ್ಧ ಮೆಚ್ಚುಗೆ, ಅರ್ಧ ತಮಾಷೆಯಿಂದ 'ಪಾರ್ಲಿಮೆಂಟು' ಎಂದು ಹೆಸರಿಟ್ಟರು. ಹಿಡಿದ ಹಕ್ಕಿಗಳ ರಾಶಿಯನ್ನು ಮನೆಮನೆಗೂ ಪಾಲು ಮಾಡುತ್ತಿದ್ದರು. ಬಂಡೆ ಹತ್ತಲಾಗದ ಮುದುಕರಿಗೂ ವಿಧವೆಯರಿಗೂ ಪಾಲು ತಪ್ಪುತ್ತಿರಲಿಲ್ಲ. ತಮ್ಮ ಪಾಲನ್ನು ಇಡಲು ಕಲ್ಲಿನ ಮೇಲೆ ಕಲ್ಲು ಜೋಡಿಸಿ, ಮೇಲೆ ಹುಲ್ಲುಹೆಂಟೆ ಹೊದಿಸಿ ಕಟ್ಟಿದ ಗೂಡುಗಳಿಗೆ ಕ್ಲೀಟ್ ಎನ್ನುತ್ತಾರೆ. ಗಾರೆಯಿಲ್ಲದ ಆ ಗೋಡೆಗಳ ಸಂದಿನಿಂದ ಗಾಳಿ ನುಗ್ಗಿ ಮಾಂಸವನ್ನು ಒಣಗಿಸುತ್ತದೆ, ಮಳೆ ಮಾತ್ರ ಒಳಗೆ ಬಾರದು. ಹಿರ್ಟಾದಲ್ಲಿಯೇ ಇಂಥ 1,200ಕ್ಕೂ ಹೆಚ್ಚು ಕ್ಲೀಟ್‌ಗಳಿವೆ. ಊರಿನ ಕಣಜಗಳು ಅವು.

ಫುಲ್ಮರ್ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಅದು ಹೋದರೆ ಆ ವರ್ಷ ಇನ್ನೊಂದಿಲ್ಲ. ಗ್ಯಾನೆಟ್ ಹಾಗಲ್ಲ, ಮೊದಲ ಮೊಟ್ಟೆ ಕಳೆದುಕೊಂಡರೆ ಮತ್ತೊಂದನ್ನು ಇಡುತ್ತದೆ. ಇದು ದ್ವೀಪದವರಿಗೆ ಚೆನ್ನಾಗಿ ಗೊತ್ತಿತ್ತು. ಫುಲ್ಮರ್ ಮೊಟ್ಟೆಗೆ ಅವರು ಸಾಮಾನ್ಯವಾಗಿ ಕೈ ಹಾಕುತ್ತಿರಲಿಲ್ಲ. ಗ್ಯಾನೆಟ್‌ಗಳ ಒಂದು ಬಂಡೆಯಿಂದ ಮೊಟ್ಟೆ ತೆಗೆದು ಇನ್ನೊಂದನ್ನು ಹಾಗೆಯೇ ಬಿಡುತ್ತಿದ್ದರು. ಇದರಿಂದ ಎರಡು ಕಡೆಯ ಮರಿಗಳೂ ಒಟ್ಟಿಗೇ ಬಲಿಯದೆ ಒಂದರ ಹಿಂದೊಂದು ಕೈಗೆ ಬರುತ್ತಿದ್ದವು. ಇದನ್ನು ಸಂಯಮವೆಂದು ಹೊಗಳುವವರಿದ್ದಾರೆ. ಮೂರೇ ಹಗ್ಗವಿದ್ದ ಊರಿಗೆ ಬೇರೆ ದಾರಿಯೇ ಇರಲಿಲ್ಲ ಎನ್ನುವವರೂ ಇದ್ದಾರೆ. ಬಹುಶಃ ಎರಡೂ ನಿಜ.

ಹಕ್ಕಿಯ ಬಂಡೆಯೇ ಜನರ ಜೀವ ಉಳಿಸಿದ ಒಂದು ಪ್ರಸಂಗವುಂಟು. 1726ರಲ್ಲಿ ದ್ವೀಪದವನೊಬ್ಬ ಹ್ಯಾರಿಸ್ ದ್ವೀಪಕ್ಕೆ ಹೋಗಿ ಅಲ್ಲಿ ಸಿಡುಬಿನಿಂದ ಸತ್ತ. ಮರುವರ್ಷ ಅವನ ಬಟ್ಟೆಗಳನ್ನು ಊರಿಗೆ ತಂದರು. ಜೊತೆಗೆ ಸಿಡುಬೂ ಬಂತು. ಅದಕ್ಕೆ ಮುಂಚೆ, 1727ರ ಆಗಸ್ಟ್‌ನಲ್ಲಿ, ಮೂವರು ಗಂಡಸರನ್ನೂ ಎಂಟು ಹುಡುಗರನ್ನೂ ಗ್ಯಾನೆಟ್ ಹಿಡಿಯಲೆಂದು ಸ್ಟಾಕ್ ಆನ್ ಆರ್ಮಿನ್ ಮೇಲೆ ಇಳಿಸಿ ದೋಣಿ ಹಿಂದಿರುಗಿತ್ತು. ಕೆಲವು ದಿನಗಳಲ್ಲಿ ಕರೆದೊಯ್ಯಬೇಕಾಗಿದ್ದ ದೋಣಿ ಬರಲಿಲ್ಲ. ಹುಟ್ಟು ಹಾಕುವಷ್ಟು ಗಂಡಸರೇ ಊರಲ್ಲಿ ಉಳಿದಿರಲಿಲ್ಲ. ಹನ್ನೊಂದು ಜನ ಆ ಬಂಡೆಯ ಮೇಲೆ ಅಟ್ಲಾಂಟಿಕ್‌ನ ಇಡೀ ಚಳಿಗಾಲ ಕಳೆದರು. ಮರುವರ್ಷ ಮೇ ತಿಂಗಳಿನಲ್ಲಿ ಪಾರುಪತ್ಯಗಾರನ ದೋಣಿ ಬಂದಾಗ ಹನ್ನೊಂದು ಜನರೂ ಬದುಕಿದ್ದರು. ಊರಿನಲ್ಲಿ ಹೆಚ್ಚಿನವರು ಸತ್ತಿದ್ದರು. ಒಡೆಯ ಹ್ಯಾರಿಸ್, ಸ್ಕೈ ಮೊದಲಾದ ಕಡೆಗಳಿಂದ ಹೊಸ ಕುಟುಂಬಗಳನ್ನು ಕರೆಸಿ ಊರನ್ನು ಮತ್ತೆ ತುಂಬಿಸಬೇಕಾಯಿತು.

ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಇದೇ ಸ್ಟಾಕ್ ಆನ್ ಆರ್ಮಿನ್ ಮೇಲೆ ನೂರು ವರ್ಷಗಳ ತರುವಾಯ ನಡೆದ ಒಂದು ಕೊಲೆಗೂ ಇದಕ್ಕೂ ಸಂಬಂಧವಿರುವಂತೆ ತೋರುತ್ತದೆ.

ಮಾರ್ಟಿನ್ 1697ರಲ್ಲಿ ಬರೆದ ಹಕ್ಕಿಗಳ ಪಟ್ಟಿಯಲ್ಲಿ ಗ್ಯಾರ್‌ಫೌಲ್ ಎಂಬುದೊಂದಿದೆ. ಹಕ್ಕಿಗಳಲ್ಲೆಲ್ಲ ಇದೇ ದೊಡ್ಡದು, ಗ್ಯಾನೆಟ್‌ಗಿಂತ ಭಾರಿ, ನೆಟ್ಟಗೆ ನಿಲ್ಲುತ್ತದೆ, ಕಣ್ಣಿನ ಕೆಳಗೆ ದೊಡ್ಡ ಬಿಳಿಯ ಮಚ್ಚೆ, ರೆಕ್ಕೆ ಮೋಟು, ಹಾರಲಾರದು, ಬರಿ ಬಂಡೆಯ ಮೇಲೆ ಒಂದೇ ಮೊಟ್ಟೆ ಇಡುತ್ತದೆ ಎಂದು ವರ್ಣಿಸಿ, ಮೇ ಒಂದರಂದು ಬಂದು ಜೂನ್ ನಡುವಿನಲ್ಲಿ ಹೊರಟುಹೋಗುತ್ತದೆ ಎಂದು ತಾರೀಖನ್ನೂ ಕೊಡುತ್ತಾನೆ. ಇಷ್ಟು ಖಚಿತವಾಗಿ ಹೇಳಬೇಕಾದರೆ ದ್ವೀಪದವರಿಗೆ ಅದು ನೆಂಟನಷ್ಟೇ ಪರಿಚಿತವಾಗಿದ್ದಿರಬೇಕು. ಇದೇ ಗ್ರೇಟ್ ಆಕ್. ಸುಮಾರು ಎರಡೂವರೆ ಅಡಿ ಎತ್ತರದ, ಉತ್ತರ ಅಟ್ಲಾಂಟಿಕ್‌ನ ಈ ಹಕ್ಕಿಗೇ ಮೊದಲು ಪೆಂಗ್ವಿನ್ ಎಂಬ ಹೆಸರಿದ್ದುದು. ನಾವಿಕರು ದಕ್ಷಿಣ ಗೋಳಾರ್ಧದಲ್ಲಿ ಇದನ್ನೇ ಹೋಲುವ ಬೇರೆ ಹಕ್ಕಿಗಳನ್ನು ಕಂಡು ಅವುಗಳಿಗೆ ಅದೇ ಹೆಸರನ್ನು ಅಂಟಿಸಿದರು. ಹೆಸರಿನ ಒಡೆಯ ಅಳಿದ, ಎರವಲು ಪಡೆದವರು ಉಳಿದರು.

ಅರವತ್ತು ವರ್ಷಗಳ ನಂತರ, 1758ರಲ್ಲಿ, ಕೆನೆತ್ ಮೆಕಾಲೆ ಎಂಬ ಪಾದ್ರಿ ಹಿರ್ಟಾಕ್ಕೆ ಬಂದ. ಅವನ ಪುಸ್ತಕದಲ್ಲಿ ಚಿತ್ರ ಬದಲಾಗಿದೆ. ಬೇರೆ ಹಕ್ಕಿಗಳಂತೆ ಇದು ಪ್ರತಿವರ್ಷ ಬರುವುದಿಲ್ಲ, ಬಂದರೆ ಜುಲೈನಲ್ಲಿ, ಕೆಲವೊಮ್ಮೆ ವರ್ಷಗಟ್ಟಲೆ ಎಲ್ಲಿರುತ್ತದೋ ತಿಳಿಯದು ಎಂದು ದ್ವೀಪದವರು ಹೇಳಿದರಂತೆ. ನೆಂಟ ಈಗ ಅಪರೂಪದ ಅತಿಥಿ. 1821ರಲ್ಲಿ ಸೇಂಟ್ ಕಿಲ್ಡಾ ಬಳಿ ಹಿಡಿದ ಒಂದು ಜೀವಂತ ಹಕ್ಕಿ ಜಾನ್ ಫ್ಲೆಮಿಂಗ್ ಎಂಬ ಪಾದ್ರಿ-ವಿಜ್ಞಾನಿಯ ಕೈಗೆ ಬಂತು. ಕಾಲಿಗೆ ದಾರ ಕಟ್ಟಿ ಈಜಲು ಬಿಡುತ್ತಿದ್ದರು. ಒಂದು ದಿನ ಅದು ತಪ್ಪಿಸಿಕೊಂಡು ಹೋಯಿತು. ಕಥೆಯ ಈ ಭಾಗದಲ್ಲಿ ಸ್ವಲ್ಪವಾದರೂ ಸಮಾಧಾನ ಕೊಡುವ ಹಕ್ಕಿ ಅದೊಂದೇ.

ಆಮೇಲೆ 1840ರ ಸುಮಾರಿನ ಜುಲೈ ತಿಂಗಳು. ಸ್ಟಾಕ್ ಆನ್ ಆರ್ಮಿನ್ ಮೇಲೆ ಹಕ್ಕಿ ಹಿಡಿಯಲು ಹೋದವರಿಗೆ ಬಂಡೆಯ ಅಂಚಿನ ಮೇಲೆ ಮಲಗಿ ನಿದ್ರಿಸುತ್ತಿದ್ದ ದೊಡ್ಡ ಹಕ್ಕಿಯೊಂದು ಕಂಡಿತು. ಹಿಡಿದು ಕಾಲು ಕಟ್ಟಿ, ಬಂಡೆಯ ಮೇಲಿನ ತಮ್ಮ ಕಲ್ಲುಗುಡಿಸಲಿಗೆ ತಂದರು. ಅದು ಗ್ಯಾನೆಟ್‌ನಂತೆ, ಆದರೆ ಇನ್ನೂ ಜೋರಾಗಿ ಕೂಗುತ್ತಿತ್ತು. ಕೊಕ್ಕಿನಿಂದ ಹಗ್ಗವನ್ನು ಬಹುಮಟ್ಟಿಗೆ ಕತ್ತರಿಸಿತ್ತು. ಮೂರು ದಿನ ಇಟ್ಟುಕೊಂಡರು. ಅಷ್ಟರಲ್ಲಿ ಬಿರುಗಾಳಿ ಎದ್ದಿತು. ಗಾಳಿ ಏಳಿಸಿದ್ದು ಈ ಹಕ್ಕಿಯೇ, ಇದು ಹಕ್ಕಿಯಲ್ಲ, ಮಾಟಗಾತಿ ಎಂದು ಅವರಿಗೆ ಭಯವಾಯಿತು. ಕಲ್ಲುಗಳಿಂದ ಹೊಡೆದು ಕೊಂದು ಗುಡಿಸಲಿನ ಹಿಂದೆ ಎಸೆದರು. ಬ್ರಿಟನ್ನಿನಲ್ಲಿ ಮನುಷ್ಯ ಕಂಡ ಕೊನೆಯ ಗ್ರೇಟ್ ಆಕ್ ಅದು. ಅಂದು ಅಲ್ಲಿದ್ದವರಲ್ಲೊಬ್ಬ ಮುಪ್ಪಿನ ಕಾಲದಲ್ಲಿ ಇದನ್ನು ಹೇಳಿ, ಆ ಹೇಳಿಕೆ ಪ್ರಕೃತಿಶಾಸ್ತ್ರಜ್ಞ ಹಾರ್ವಿ-ಬ್ರೌನ್‌ಗೆ ತಲುಪಿದ್ದರಿಂದ ಹೊರಜಗತ್ತಿಗೆ ತಿಳಿಯಿತು.

ಹಕ್ಕಿಯನ್ನೇ ಉಂಡು ಬೆಳೆದವರು, ಗೂಡಿನಿಂದ ಗೂಡಿಗೆ ವ್ಯತ್ಯಾಸ ಬಲ್ಲವರು, ತಮ್ಮ ಪೂರ್ವಜರು ತಾರೀಖು ಸಹಿತ ಹೇಳುತ್ತಿದ್ದ ಹಕ್ಕಿಯನ್ನು ಕಂಡು ಮಾಟಗಾತಿ ಎಂದುಕೊಂಡದ್ದು ಹೇಗೆ? ಮೂಢನಂಬಿಕೆ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ 'ತಮ್ಮ ಪೂರ್ವಜರು' ಎಂಬ ಮಾತಿನಲ್ಲಿಯೇ ತೊಡಕಿದೆ. ಮಾರ್ಟಿನ್‌ಗೆ ವಿವರ ಹೇಳಿದವರ ಸಂತತಿ ಬಹುಪಾಲು 1727ರ ಸಿಡುಬಿನಲ್ಲಿ ನಿರ್ನಾಮವಾಯಿತು. ಆಮೇಲೆ ಬಂದವರು ಬೇರೆ ದ್ವೀಪಗಳವರು. ಅವರಿಗೆ ಹಕ್ಕಿ ಹಿಡಿಯುವ ವಿದ್ಯೆ ದಾಟಿತು, ಏಕೆಂದರೆ ಆ ಹಕ್ಕಿಗಳು ಪ್ರತಿವರ್ಷ ಬಂದು ಪಾಠ ಹೇಳುತ್ತಿದ್ದವು. ಬಾರದೇ ಹೋದ ಹಕ್ಕಿಯ ನೆನಪನ್ನು ದಾಟಿಸುವವರು ಯಾರು? ಮೆಕಾಲೆಯ ಕಾಲಕ್ಕೇ ಮಸುಕಾಗಿದ್ದ ಗುರುತು ಇನ್ನೂ ಎಂಬತ್ತು ವರ್ಷಗಳಲ್ಲಿ ಅಳಿಸಿಹೋಗಿರಬೇಕು.

ಅಲ್ಲದೆ ಅಜ್ಞಾನಿಗಳು ಕೊಂದರು, ತಿಳಿದವರಾಗಿದ್ದರೆ ಉಳಿಸುತ್ತಿದ್ದರು ಎನ್ನುವಂತೆಯೂ ಇಲ್ಲ. 1844ರ ಜೂನ್‌ನಲ್ಲಿ ಐಸ್‌ಲೆಂಡಿನ ಎಲ್ಡೆ ಎಂಬ ಬಂಡೆದ್ವೀಪದಲ್ಲಿ ಜೋಡಿ ಗ್ರೇಟ್ ಆಕ್‌ಗಳನ್ನು ಕೊರಳು ಹಿಚುಕಿ ಕೊಂದವರಿಗೆ ಯಾವ ಭ್ರಮೆಯೂ ಇರಲಿಲ್ಲ. ಅಪರೂಪದ ಹಕ್ಕಿಗೆ ಸಂಗ್ರಹಕಾರರು ಒಳ್ಳೆಯ ಬೆಲೆ ಕೊಡುತ್ತಾರೆ ಎಂದು ಗೊತ್ತಿದ್ದೇ ಹೋಗಿದ್ದರು. ಖಚಿತ ದಾಖಲೆಯಿರುವ ಕೊನೆಯ ಜೋಡಿ ಅದು. ಒಂದು ಕಡೆ ಭಯ, ಇನ್ನೊಂದು ಕಡೆ ವಿಜ್ಞಾನದ ಹೆಸರಿನ ಸಂಗ್ರಹದ ಚಪಲ. ಎರಡರಲ್ಲಿ ಹೆಚ್ಚು ಹಕ್ಕಿಗಳನ್ನು ಕೊಂದದ್ದು ಯಾವುದು ಎಂದು ಕೇಳಿದರೆ ಉತ್ತರ ದ್ವೀಪದವರ ಕಡೆಗೆ ಬೆರಳು ತೋರಿಸುವುದಿಲ್ಲ.

ಇದೇ ಚಪಲ ಮುಂದೆ ಸೇಂಟ್ ಕಿಲ್ಡಾಕ್ಕೂ ಬಂತು. 1884ರಲ್ಲಿ ಹೆನ್ರಿ ಸೀಬೋಮ್ ಎಂಬ ಪಕ್ಷಿಶಾಸ್ತ್ರಜ್ಞ ಇಲ್ಲಿನ ರೆನ್ ಹಕ್ಕಿ ಮುಖ್ಯ ಭೂಮಿಯ ರೆನ್‌ಗಿಂತ ಭಿನ್ನವೆಂದು ವರ್ಣಿಸಿದ. ಹೆಬ್ಬೆರಳಿಗಿಂತ ತುಸು ದೊಡ್ಡದಾದ ಪುಟ್ಟ ಕಂದು ಹಕ್ಕಿ; ವಲಸೆ ಹೋಗುವುದಿಲ್ಲ, ಚಳಿಗಾಲವನ್ನೂ ದ್ವೀಪದಲ್ಲಿಯೇ ಕಳೆಯುತ್ತದೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ ಎಂದ ಕೂಡಲೇ ಅದರ ಚರ್ಮಕ್ಕೂ ಮೊಟ್ಟೆಗೂ ಗಿರಾಕಿಗಳು ಹುಟ್ಟಿದರು. ಕಡೆಗೆ 1904ರಲ್ಲಿ ಲಂಡನ್ನಿನ ಪಾರ್ಲಿಮೆಂಟು ಸೇಂಟ್ ಕಿಲ್ಡಾಕ್ಕೆಂದೇ ಒಂದು ಪಕ್ಷಿ ಸಂರಕ್ಷಣಾ ಕಾಯಿದೆ ಮಾಡಿ ರೆನ್‌ಗೂ ಲೀಚ್ಸ್ ಪೆಟ್ರೆಲ್ ಎಂಬ ಕಡಲಹಕ್ಕಿಗೂ ರಕ್ಷಣೆ ಕೊಟ್ಟಿತು. ಅದಕ್ಕೂ ಹಿಂದೆ, 1869ರಲ್ಲಿ, ಬ್ರಿಟನ್ನಿನ ಕಡಲ ಹಕ್ಕಿಗಳನ್ನು ಉಳಿಸಲು ಮಾಡಿದ ಕಾನೂನು ತನ್ನ ವ್ಯಾಪ್ತಿಯಿಂದ ಸೇಂಟ್ ಕಿಲ್ಡಾವನ್ನು ಹೊರಗಿಟ್ಟಿತ್ತು. ಆ ಕಾನೂನು ಇಲ್ಲಿಗೂ ಬಂದಿದ್ದರೆ ಊರಿಗೆ ಊರೇ ಅಪರಾಧಿಯಾಗುತ್ತಿತ್ತು.

ಅಷ್ಟರಲ್ಲಿ ಬೇಸಿಗೆಯ ಇನ್ನೊಂದು ಬಗೆಯ ಹಕ್ಕಿಗಳು ಬರತೊಡಗಿದ್ದವು. 1877ರಿಂದ ಗ್ಲಾಸ್ಗೋ ಕಡೆಯ ಪ್ರವಾಸಿಗಳು ಉಗಿಹಡಗಿನಲ್ಲಿ ಬಂದು, ಬಂಡೆ ಇಳಿಯುವ ಗಂಡಸರನ್ನು ನೋಡಿ, ಮೊಟ್ಟೆ, ಉಣ್ಣೆಬಟ್ಟೆ ಕೊಂಡು, ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಪ್ರಾಣ ಒತ್ತೆಯಿಟ್ಟು ಮಾಡುವ ಕೆಲಸ ಕಾಸಿಗೆ ತೋರಿಸುವ ಆಟವೂ ಆಯಿತು. ಸೀಮೆಎಣ್ಣೆ ಬಂದಮೇಲೆ ಫುಲ್ಮರ್ ಎಣ್ಣೆಗೆ ಬೆಲೆ ಇಳಿಯಿತು. ಗರಿಯ ಹಾಸಿಗೆಗೂ ಗಿರಾಕಿ ತಗ್ಗಿದರು. ಪೇಟೆಯಿಂದ ಬರುವ ಹಿಟ್ಟು, ಸಕ್ಕರೆ, ಚಹಾ ಬೇಕೆನಿಸಿತು. ಅವನ್ನು ಕೊಳ್ಳಲು ಹಕ್ಕಿ ಸಾಲದು, ಹಣ ಬೇಕು.

ಇದಕ್ಕಿಂತ ಘೋರವಾದದ್ದು ಇನ್ನೊಂದಿತ್ತು. ಹುಟ್ಟಿದ ಕೂಸುಗಳು ಎಂಟು ದಿನಗಳಾಗುವಷ್ಟರಲ್ಲಿ ದವಡೆ ಕಚ್ಚಿಕೊಂಡು ಸಾಯುತ್ತಿದ್ದವು. ಕೆಲವು ಕಾಲ ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಹೋದವು. ಅದು ಧನುರ್ವಾಯು. ಹೊಕ್ಕುಳಬಳ್ಳಿಗೆ ಸವರುತ್ತಿದ್ದ ಫುಲ್ಮರ್ ಎಣ್ಣೆಯೇ ಕಾರಣವಿರಬಹುದೆಂದು ಒಂದು ವಾದವಿದೆ. ಎಲ್ಲರೂ ಅದನ್ನು ಒಪ್ಪುವುದಿಲ್ಲ. ಆಂಗಸ್ ಫಿಡೆಸ್ ಎಂಬ ಪಾದ್ರಿ ಗ್ಲಾಸ್ಗೋದಲ್ಲಿ ಹೆರಿಗೆಯ ಶುಚಿತ್ವದ ಕ್ರಮಗಳನ್ನು ಕಲಿತು ಬಂದು ಹಟ ಹಿಡಿದು ಜಾರಿಗೆ ತಂದ ಮೇಲೆ, 1890ರ ದಶಕದಲ್ಲಿ, ಈ ಪಿಡುಗು ನಿಂತಿತು. ಅಷ್ಟು ಹೊತ್ತಿಗೆ ಊರು ಕಳೆದುಕೊಂಡ ತಲೆಮಾರುಗಳು ಮರಳಿ ಬರುವಂತಿರಲಿಲ್ಲ. 1852ರಲ್ಲಿಯೇ 36 ಜನ ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದ್ದರು. ಅವರಲ್ಲಿ ಅನೇಕರು ದಾರಿಯಲ್ಲೇ ಸತ್ತರು.

1921ರಲ್ಲಿ 73 ಜನರಿದ್ದ ಊರು ಏಳೆಂಟು ವರ್ಷಗಳಲ್ಲಿ ಅರ್ಧಕ್ಕಿಳಿಯಿತು. ಹಗ್ಗ ಹಿಡಿಯಲು, ದೋಣಿ ನಡೆಸಲು ಬೇಕಾದಷ್ಟು ಗಟ್ಟಿಗರೇ ಇಲ್ಲದಾದರು. ಹಕ್ಕಿಗಳಿಗೇನೂ ಕೊರತೆಯಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಬೆಳೆ ತುಂಬಿ ನಿಂತಿತ್ತು, ಕೊಯ್ಯುವವರಿರಲಿಲ್ಲ. 1930ರ ಮೇ ತಿಂಗಳಿನಲ್ಲಿ ದ್ವೀಪದವರೇ ತಮ್ಮನ್ನು ಕರೆದೊಯ್ಯಿರೆಂದು ಸರ್ಕಾರಕ್ಕೆ ಅರ್ಜಿ ಬರೆದರು. ಅದೇ ವರ್ಷ ಆಗಸ್ಟ್ 29ರಂದು, ಫುಲ್ಮರ್ ಮರಿಗಳ ಕಾಲ ಮುಗಿಯುತ್ತ ಬಂದ ಹೊತ್ತಿನಲ್ಲಿ, ಉಳಿದಿದ್ದ 36 ಜನ ಹೇರ್‌ಬೆಲ್ ಎಂಬ ನೌಕಾಪಡೆಯ ಹಡಗು ಹತ್ತಿದರು. ಪ್ರತಿ ಮನೆಯಲ್ಲಿ ಒಂದು ತೆರೆದ ಬೈಬಲ್ಲನ್ನೂ ಒಂದು ಸಣ್ಣ ಗುಡ್ಡೆ ಓಟ್ಸನ್ನೂ ಇಟ್ಟು ಬಾಗಿಲು ಮುಚ್ಚಿದರಂತೆ. ನಾಯಿಗಳನ್ನು ಮುಂಚೆಯೇ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕಿದ್ದರು. ಅವರಲ್ಲಿ ಅನೇಕರಿಗೆ ಸರ್ಕಾರ ಕೊಟ್ಟ ಕೆಲಸ ಅರಣ್ಯ ಇಲಾಖೆಯಲ್ಲಿ. ಮರವನ್ನೇ ಕಾಣದೆ ಬೆಳೆದವರಿಗೆ ಗಿಡ ನೆಡುವ ಕೆಲಸ!

ಮರುವರ್ಷ ದ್ವೀಪ ಕೈಬದಲಾಯಿಸಿ ಪಕ್ಷಿಧಾಮವಾಯಿತು. ಕೊಂಡವರು ಡಮ್ಫ್ರೀಸ್‌ನ ಅರ್ಲ್, ಸ್ವತಃ ಪಕ್ಷಿಪ್ರೇಮಿ. ಆ ಬೇಸಿಗೆಯಲ್ಲೇ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ತರುಣರು ಬಂದಿಳಿದು ರೆನ್‌ಗಳನ್ನು ಎಣಿಸಿದರು, ಇಲಿಗಳನ್ನು ಹಿಡಿದರು. ಊರು ಬಿಟ್ಟವರಲ್ಲಿ ಕೆಲವರು ಆ ದಶಕದ ಬೇಸಿಗೆಗಳಲ್ಲಿ ಮರಳಿ ಬಂದು ಒಂದಷ್ಟು ದಿನ ಇದ್ದು ಹೋಗುತ್ತಿದ್ದರು. ತಾವೂ ವಲಸೆ ಹಕ್ಕಿಗಳಾಗಿದ್ದರು. ಮನುಷ್ಯ ಹೋದ ಕೆಲವೇ ವರ್ಷಗಳಲ್ಲಿ ಅಲ್ಲಿನ ವಿಶಿಷ್ಟ ಜಾತಿಯ ಮನೆಯಿಲಿ ಅಳಿದುಹೋಯಿತು. ಒಲೆಯ ಬೆಚ್ಚಗೂ ಉದುರಿದ ಕಾಳೂ ಇಲ್ಲದೆ ಅದು ಬದುಕಲಾರದಾಯಿತು. ಫುಲ್ಮರ್ ಮಾತ್ರ ಹಬ್ಬಿತು. 1878ರವರೆಗೆ ಬ್ರಿಟನ್ನಿನಲ್ಲಿ ಸೇಂಟ್ ಕಿಲ್ಡಾ ಬಿಟ್ಟರೆ ಬೇರೆಲ್ಲೂ ಗೂಡು ಕಟ್ಟದಿದ್ದ ಈ ಹಕ್ಕಿ ಆ ವರ್ಷ ಶೆಟ್ಲೆಂಡಿನ ಫೌಲಾ ದ್ವೀಪದಲ್ಲಿ ಕಾಣಿಸಿಕೊಂಡು, ಮುಂದೆ ಬ್ರಿಟನ್ನಿನ ಕರಾವಳಿಯನ್ನೆಲ್ಲ ಸುತ್ತುವರಿಯಿತು.

1957ರಲ್ಲಿ ದ್ವೀಪಗಳು ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟ್‌ಗೆ ಬಂದವು. ಅದೇ ವರ್ಷ ಕ್ಷಿಪಣಿಗಳ ಮೇಲೆ ಕಣ್ಣಿಡುವ ಸೇನೆಯ ರಾಡಾರ್ ಕೂಡ ಬಂತು. ಯುನೆಸ್ಕೋ 1986ರಲ್ಲಿ ನಿಸರ್ಗದ ಕಾರಣಕ್ಕೂ, 2005ರಲ್ಲಿ ಅಲ್ಲಿ ಬಾಳಿದ ಜನರ ಸಂಸ್ಕೃತಿಯ ಕಾರಣಕ್ಕೂ ಇದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಈ ಎರಡು ಗೌರವಗಳನ್ನೂ ಪಡೆದ ತಾಣಗಳು ಜಗತ್ತಿನಲ್ಲಿ ಹೆಚ್ಚಿಲ್ಲ.

ಬೇಟೆ ನಿಂತು ಶತಮಾನವಾಗುತ್ತ ಬಂದರೂ ಹಕ್ಕಿಗಳು ನೆಮ್ಮದಿಯಾಗಿವೆ ಎನ್ನುವಂತಿಲ್ಲ. ಸುಮಾರು 60 ಸಾವಿರ ಜೋಡಿ ಗ್ಯಾನೆಟ್‌ಗಳು ಅಲ್ಲಿ ಗೂಡು ಕಟ್ಟುತ್ತಿದ್ದವು. ಡೂನ್ ದ್ವೀಪದ ಲೀಚ್ಸ್ ಪೆಟ್ರೆಲ್‌ಗಳು ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ಮೂರನೆಯ ಎರಡರಷ್ಟು ಕಡಿಮೆಯಾದವು. ಅವನ್ನು ತಿನ್ನುವ ಗ್ರೇಟ್ ಸ್ಕೂವಾ ಎಂಬ ಬೇಟೆಹಕ್ಕಿ ಒಂದು ಕಾರಣ. ಆ ಸ್ಕೂವಾಗಳೇ 2021ರ ಬೇಸಿಗೆಯಲ್ಲಿ ಹಕ್ಕಿಜ್ವರ ತಗುಲಿ ಸಾಯತೊಡಗಿದವು. ಮರುವರ್ಷ ರೋಗ ಗ್ಯಾನೆಟ್‌ಗಳಿಗೂ ಹಬ್ಬಿತು. 1727ರಲ್ಲಿ ಸಿಡುಬು ಜನರಿಗೆ ಮಾಡಿದ್ದನ್ನು ಈ ಸಲ ಇನ್ನೊಂದು ರೋಗ ಹಕ್ಕಿಗಳಿಗೆ ಮಾಡಿತು. ಲೂಯಿಸ್ ದ್ವೀಪದ ನೆಸ್ ಎಂಬಲ್ಲಿಯ ಗಂಡಸರು ಈಗಲೂ ಬೇಸಿಗೆಯ ಕೊನೆಗೆ ಸುಲಾ ಸ್ಗೆರ್ ಎಂಬ ಬಂಡೆಗೆ ಹೋಗಿ ಗ್ಯಾನೆಟ್ ಮರಿಗಳನ್ನು ಹಿಡಿಯುತ್ತಾರೆ. 1954ರ ಕಾನೂನು ಅವರಿಗೆ ವಿನಾಯಿತಿ ಕೊಟ್ಟಿತ್ತು. ವರ್ಷಕ್ಕೆ 2,000 ಹಕ್ಕಿಗಳವರೆಗೆ ಪರವಾನಗಿ ಸಿಗುತ್ತಿತ್ತು. ಹಕ್ಕಿಜ್ವರದಿಂದಾಗಿ 2022ರಿಂದ ಮೂರು ವರ್ಷ ಬೇಟೆ ನಡೆಯಲಿಲ್ಲ. 2025ರಲ್ಲಿ 500 ಹಕ್ಕಿಗಳಿಗಷ್ಟೇ ಅನುಮತಿ ಸಿಕ್ಕಿತು. ಅದು ಬೇಕೇ ಬೇಡವೇ ಎಂಬ ಜಗಳ ಅಲ್ಲಿ ಮುಗಿದಿಲ್ಲ.

ಹಿರ್ಟಾದ ಬೀದಿಯಲ್ಲಿ 1860ರ ದಶಕದಲ್ಲಿ ಕಟ್ಟಿದ 16 ಮನೆಗಳು ಸಾಲಾಗಿ ಇವೆ. ಕೆಲವಕ್ಕೆ ಸೂರು ಹೊದಿಸಿ ದುರಸ್ತಿ ಮಾಡಿದ್ದಾರೆ, ಉಳಿದವು ಬರಿ ಗೋಡೆಗಳು. ಬೇಸಿಗೆಯಲ್ಲಿ ದೋಣಿ ಹಿಡಿದು ಬರುವವರಿಗೆ ದಂಡೆಗೆ ಇಳಿಯುತ್ತಲೇ ಕೇಳಿಸುವುದು ರೆನ್‌ನ ಹಾಡು. ಮೈಯ ಗಾತ್ರಕ್ಕೆ ಹೊಂದದಷ್ಟು ದೊಡ್ಡ ದನಿ ಅದರದು. ಮನೆಗಳ ಗೋಡೆಯ ಸಂದುಗಳಲ್ಲಿ, ಮಾಂಸ ಒಣಗಿಸಲು ಕಟ್ಟಿದ ಕ್ಲೀಟ್‌ಗಳ ಕಲ್ಲುಗಳ ನಡುವೆ ಅದು ಗೂಡು ಕಟ್ಟಿ ಮರಿ ಮಾಡುತ್ತದೆ.